ಬಲ್ಬಿನಂಗಡಿಯವರ ಬೈಕಿನ ದೀಪ

ದೇವರ ಮನೆಯಲ್ಲಿ ತೇದು ತೇದು ಸವೆದು, ಇನ್ನು ಬೆರಳಿಗೆ ಸಿಗದು ಎನ್ನುವಷ್ಟು ಸಣ್ಣದಾದ ವಿಭೂತಿ ಗಟ್ಟಿಯನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಅದು ಬೈಕಿನ ಹೆಡ್‌ಲೈಟಿಗೆ ಸಲ್ಲುತ್ತಿತ್ತು. ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಪೂಜೆ ಮುಗಿಸಿ ಎದ್ದವರು, ಹಣೆಯ ಮೇಲಿನ ಮೂರು ಪಟ್ಟೆ ಒಣಗುವ ಮೊದಲೇ ಆ ಚೂರುಗಳನ್ನು ಹಳೆಯ ಬಟ್ಟಲೊಂದರಲ್ಲಿ ನೆನೆಹಾಕಿ, ದಿನಪತ್ರಿಕೆಯ ಹಾಳೆಯನ್ನು ಉಂಡೆ ಮಾಡಿ ಅದರಲ್ಲಿ ಅದ್ದಿ, ಬೈಕಿನ ಎದುರು ಕುಕ್ಕರುಗಾಲಲ್ಲಿ ಕುಳಿತು ದೀಪದ ಗಾಜನ್ನು ಉಜ್ಜಲು ತೊಡಗುತ್ತಿದ್ದರು. ನಮ್ಮತ್ತೆ ಬದುಕಿದ್ದಷ್ಟು ಕಾಲವೂ ಇದನ್ನು ಕಂಡಾಗಲೆಲ್ಲ ಬಾಗಿಲಲ್ಲಿ ನಿಂತು, "ಲೋ, ಅದು ಶಿವನ ಪ್ರಸಾದ ಕಣೋ. ಗಾಡಿಗೆ ಹಚ್ತಾರೇನೋ ಅದನ್ನ?" ಎಂದು ಗದರುವುದೂ, ಇವರು ತಲೆಯೆತ್ತದೆ, "ಗಾಡಿಗಲ್ಲಮ್ಮ, ಬೆಳಕಿಗೆ ಹಚ್ತಿದೀನಿ" ಎನ್ನುವುದೂ ವಾರವಾರದ ನೇಮದಂತೆ ನಡೆಯುತ್ತಿತ್ತು. ಗಾಜು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಅದನ್ನು ಅತ್ತೆಯೂ ಒಪ್ಪುತ್ತಿದ್ದರು.

ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬುವವಳು ನಾನಲ್ಲ. ಷಡಕ್ಷರಿ ಎಂದು ಬೇಕಾದರೆ ಬೀದಿಯಲ್ಲಿ ನಿಂತು ಕೂಗಿಯೇನು. ಆದರೂ ನಾಲಿಗೆ ರೂಢಿ ಬಿಡದು. 'ಇವರು' ಎಂದೇ ಬರೆಯುತ್ತೇನೆ, ನೀವೇ ಹೊಂದಿಕೊಳ್ಳಬೇಕು. ಇವರದು ಜಯನಗರ ನಾಲ್ಕನೇ ಬ್ಲಾಕಿನ ಅಡ್ಡರಸ್ತೆಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿ: ಬಲ್ಬು, ಟ್ಯೂಬ್‌ಲೈಟು, ಸ್ವಿಚ್ಚು, ವೈರು, ದೀಪಾವಳಿ ಹತ್ತಿರವಾದರೆ ಬಣ್ಣಬಣ್ಣದ ಸೀರಿಯಲ್ ಲೈಟು. ನಾನು ವಿದ್ಯುತ್ ಕಚೇರಿಯೊಂದರಲ್ಲಿ ಗುಮಾಸ್ತೆ. ನೆಂಟರಿಷ್ಟರು ನಮಗೆ 'ಕರೆಂಟು ದಂಪತಿ' ಎಂದು ಹೆಸರಿಟ್ಟಿದ್ದರು. ತೊಂಬತ್ತರ ದಶಕದ ಬೇಸಿಗೆಗಳನ್ನು ಬೆಂಗಳೂರಿನಲ್ಲಿ ಕಳೆದವರಿಗೆ ನನ್ನ ಪಾಡು ಅರ್ಥವಾದೀತು. ಸಂಜೆ ದೀಪ ಹೋದರೆ ಇಡೀ ಬೀದಿ ನನ್ನ ಮುಖ ನೋಡುತ್ತಿತ್ತು. ದೀಪ ಬಂದ ರಭಸಕ್ಕೆ ಬಲ್ಬು ಸುಟ್ಟುಹೋದರೆ ಇವರ ಮುಖ ನೋಡುತ್ತಿತ್ತು. ನನಗೆ ಬೈಗುಳ, ಇವರಿಗೆ ವ್ಯಾಪಾರ. ಸಂಸಾರದಲ್ಲಿ ಹಂಚಿಕೆ ಯಾವತ್ತೂ ಹೀಗೇ ಅಲ್ಲವೇ?

ಅಂಗಡಿಯ ಮೇಜಿನ ಮೇಲೆ ಮರದ ಹಲಗೆಗೆ ಹೋಲ್ಡರು ಜೋಡಿಸಿ ಇಟ್ಟಿದ್ದರು. ಯಾರೇ ಬಲ್ಬು ಕೇಳಲಿ, ಡಬ್ಬಿಯಿಂದ ತೆಗೆದು, ಹೋಲ್ಡರಿಗೆ ಸಿಕ್ಕಿಸಿ, ಹತ್ತಿಸಿ ತೋರಿಸಿದ ಮೇಲೆಯೇ ಕೊಡುವುದು. ಸಂಜೆಯ ಮೊದಲ ಬಲ್ಬು ಹತ್ತಿದೊಡನೆ, ಎದುರಿಗೆ ಗಿರಾಕಿ ನಿಂತಿದ್ದರೂ ಸರಿಯೇ, ಎರಡೂ ಕೈ ಜೋಡಿಸಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮುಸ್ಸಂಜೆಯ ದೀಪಕ್ಕೆ ಕೈ ಮುಗಿಯುವ ನಮ್ಮ ಈ ರೂಢಿಯ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎಣ್ಣೆಬತ್ತಿಯ ಹಣತೆಗೆ ಮುಗಿಯುತ್ತಿದ್ದ ಕೈ ಒಂದು ದಿನ ಟ್ಯೂಬ್‌ಲೈಟಿಗೆ ಮುಗಿಯಿತು, ನಡುವೆ ಏನೂ ನಡೆದೇ ಇಲ್ಲವೆಂಬಂತೆ. ಅದು ಮಿಣುಕಿ ಮಿಣುಕಿ ಪೂರ್ತಿ ಹತ್ತುವವರೆಗೆ ನಮ್ಮತ್ತೆ ಕೈ ಜೋಡಿಸಿಕೊಂಡೇ ಕಾಯುತ್ತಿದ್ದರು. ನಾವು ಕೈ ಮುಗಿಯುವುದು ದೀಪಕ್ಕಲ್ಲ, ಕಾಣುವುದಕ್ಕೆ ಇರಬೇಕು. ಹೊತ್ತು ಮುಳುಗುವಾಗ ಮಸುಕಾಗುತ್ತಾ ಬಂದ ಮನೆಮಂದಿಯ ಮುಖಗಳು ಒಮ್ಮೆಲೇ ಮತ್ತೆ ತಿಳಿಯಾಗುತ್ತವಲ್ಲ, ಆ ಉಪಕಾರಕ್ಕೆ. ಇವರು ಇದನ್ನು ಬೈಕಿಗೂ ವಿಸ್ತರಿಸಿದ್ದರು. ಸಂಜೆ ಹೆಡ್‌ಲೈಟಿನ ಸ್ವಿಚ್ಚು ಒತ್ತಿದ ಎಡಗೈ ಒಂದು ಕ್ಷಣ ಎದೆಯನ್ನು ಮುಟ್ಟಿ ಬರುತ್ತಿತ್ತು. ಹಿಂದೆ ಕುಳಿತ ನಾನು, "ಎರಡು ಕೈಯಲ್ಲಿ ಹಿಡ್ಕೊಂಡು ಓಡ್ಸಿ, ಅದೇ ದೊಡ್ಡ ನಮಸ್ಕಾರ" ಎನ್ನುತ್ತಿದ್ದೆ.

ಬೈಕಿನ ದೀಪಕ್ಕೆ ನಮ್ಮ ಸಂಸಾರದಲ್ಲಿ ಇಷ್ಟು ಮಹತ್ವ ಬರಲು ಕಾರಣ ಹೊಸಕೆರೆಹಳ್ಳಿ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಅಲ್ಲೊಂದು ಸಣ್ಣ ಮನೆ ಕಟ್ಟಿಸಿಕೊಂಡಾಗ, ಕತ್ರಿಗುಪ್ಪೆ ದಾಟಿದ ಮೇಲೆ ಬೀದಿಗೆ ಕಂಬಗಳಿದ್ದವೇ ಹೊರತು ಕಂಬಗಳಿಗೆ ದೀಪಗಳಿರಲಿಲ್ಲ. ಅಂಗಡಿ ಮುಚ್ಚಿ, ಕಚೇರಿಯಿಂದ ಬಂದು ಕಾಯುತ್ತಿದ್ದ ನನ್ನನ್ನು ಹಿಂದೆ ಕೂರಿಸಿಕೊಂಡು ಇವರು ಹೊರಟರೆ, ಕೆರೆಯ ಪಕ್ಕದ ಆ ಮಣ್ಣು ರಸ್ತೆಗೆ ನಮ್ಮ ಹೆಡ್‌ಲೈಟೇ ದಿಕ್ಕು. ನಮ್ಮ ಹಳೆಯ ಗಾಡಿಯ ದೀಪವೋ, ಅರಿಸಿನದ ನೀರಿನ ಬಣ್ಣದ್ದು. ಅದಕ್ಕೊಂದು ವಿಚಿತ್ರ ಸ್ವಭಾವವಿತ್ತು: ವೇಗ ಹೆಚ್ಚಿಸಿದರೆ ಬೆಳಕು ಹೆಚ್ಚುತ್ತಿತ್ತು, ನಿಧಾನಿಸಿದರೆ ಬೆಳಕೂ ಬಾಡುತ್ತಿತ್ತು. ಅಂದರೆ ಗುಂಡಿ ಬಂತೆಂದು ನಿಧಾನಿಸಿದಿರೋ, ಆ ಗುಂಡಿ ಕಾಣುವುದು ನಿಂತುಹೋಗುತ್ತಿತ್ತು. ನನ್ನ ಸೊಂಟಕ್ಕೆ ಆ ಕಾಲದ ಗುಂಡಿಗಳ ಪರಿಚಯ ಇವತ್ತಿಗೂ ಇದೆ.

ಬಲ್ಬು ಮಾರುವವರು ಸುಮ್ಮನಿದ್ದಾರೆಯೇ? ದೊಡ್ಡ ಬಲ್ಬು ಬಂತು. ಅದು ಸಾಲದೆಂದು ಹ್ಯಾಲೋಜನ್ ಬಂತು. ಆ ಹ್ಯಾಲೋಜನ್ನೂ ಸಾಲದೆಂದು ಅದರ ಅಣ್ಣನಂಥದ್ದೊಂದು ಬಂದು, ತನ್ನ ಶಾಖಕ್ಕೆ ದೀಪದ ಒಳಗಿನ ಬಟ್ಟಲನ್ನೇ ಕಂದಿಸಿತು. ಆಮೇಲೆ ಬಟ್ಟಲೂ ಹೊಸದಾಯಿತು. ಈ ಭಾರಕ್ಕೆ ಬಡಪಾಯಿ ಬ್ಯಾಟರಿ ಏದುಸಿರು ಬಿಡತೊಡಗಿ, ದೀಪ ಹಾಕಿದರೆ ಹಾರ್ನಿನ ದನಿ ಹೂತುಹೋಗಲು ಶುರುವಾಯಿತು. ಆಗ ಹಾರ್ನಿನ ಕೆಲಸ ನನ್ನದಾಯಿತು; ಹಿಂದಿನಿಂದ "ಸರೀರೀ, ಸ್ವಲ್ಪ ಸರೀರೀ" ಎಂದು ಕೂಗುತ್ತಿದ್ದೆ. ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಯದ ಗಾಡಿಗಳನ್ನು ಪೊಲೀಸರು ಹಿಡಿದು ನಿಲ್ಲಿಸುತ್ತಿದ್ದ ಕಾಲ ಅದು. ಎದುರು ಬರುವವರ ಕಣ್ಣು ಕುಕ್ಕಬಾರದೆಂದು ಮಾಡಿದ ಏರ್ಪಾಡಾದರೂ, ನನಗದು ಮಗುವಿನ ಕೆನ್ನೆಯ ದೃಷ್ಟಿಬೊಟ್ಟಿನ ಹಾಗೇ ಕಾಣುತ್ತಿತ್ತು. ನಮ್ಮ ಮಗಳ ಕೆನ್ನೆಗೆ ನಾನು ಬೊಟ್ಟಿಟ್ಟದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಇವರು ಆ ದೀಪಕ್ಕೆ ಕಪ್ಪು ಬಳಿದಿದ್ದರು. ಬೆಳಕು ಎಷ್ಟೇ ಹೆಚ್ಚಿಸಲಿ, ಎದುರು ಗಾಡಿ ಕಂಡರೆ ಡಿಪ್ ಮಾಡುವುದನ್ನು ಇವರು ಮರೆತದ್ದು ನಾನು ನೋಡಿಲ್ಲ. ಎದುರಿನವರು ಡಿಪ್ ಮಾಡದಿದ್ದರೆ ಮಾತ್ರ ಸಿಟ್ಟು ನೆತ್ತಿಗೇರುತ್ತಿತ್ತು.

ಇಷ್ಟೆಲ್ಲ ಆದರೂ ಇವರ ದೂರು ಮುಗಿಯಲಿಲ್ಲ. "ಈ ಬೆಳಕು ಸಾಲ್ದು ಗಿರಿಜಾ, ರಸ್ತೆ ತುಂಬಾ ಕತ್ಲು." ಅಷ್ಟು ಹೊತ್ತಿಗೆ ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿ, ನಮ್ಮ ಬೀದಿಯ ಕಂಬಗಳಿಗೂ ದೀಪ ಬಂದಿದ್ದವು, ರಸ್ತೆಗೆ ಟಾರೂ ಬಂದಿತ್ತು. ನನಗೆ ರಸ್ತೆ ವರ್ಷದಿಂದ ವರ್ಷಕ್ಕೆ ಬೆಳಗುತ್ತಿರುವಂತೆ ಕಂಡರೆ ಇವರಿಗೆ ಕತ್ತಲಾಗುತ್ತಿರುವಂತೆ ಕಾಣುತ್ತಿತ್ತು. ನಾನು ಕಚೇರಿಯ ಪರವಾಗಿ ಬೀದಿ ದೀಪಗಳನ್ನು ಸಮರ್ಥಿಸುತ್ತಿದ್ದೆ, ಇವರು ಅಂಗಡಿಯ ಪರವಾಗಿ ಅವುಗಳನ್ನು ಹಳಿಯುತ್ತಿದ್ದರು. ಕಣ್ಣು ತೋರಿಸಿಕೊಳ್ಳಿ ಎಂದರೆ ಹೋಗಿಯೂ ಬಂದರು. ಕನ್ನಡಕದ ಅಂಗಡಿಯಲ್ಲಿ ಕೊನೆಯ ಸಾಲಿನ ಸಣ್ಣ ಅಕ್ಷರವನ್ನೂ ಪಟಪಟನೆ ಓದಿ, "ನೋಡು, ಕಣ್ಣು ಸರಿಯಾಗೇ ಇದೆಯಂತೆ" ಎಂದು ಗೆದ್ದವರ ಹಾಗೆ ಹೇಳಿದರು. ಇನ್ನು ಉಳಿದದ್ದು ಬಲ್ಬು ತಾನೆ, ಆದ್ದರಿಂದ ಮತ್ತೊಂದು ಬಲ್ಬು.

ಈ ನಡುವೆ ನನಗೊಂದು ಸುಖ ಒದಗಿಬಂತು. ಅದನ್ನು ಹೇಳಲು ಈಗಲೂ ಸ್ವಲ್ಪ ನಾಚಿಕೆಯಾಗುತ್ತದೆ. ಇವರು ಬೀದಿಯಲ್ಲಿ ಹೆಂಡತಿಯ ಕೈ ಹಿಡಿಯುವ ಪೈಕಿಯವರಲ್ಲ. ಮದುವೆಯಾದ ಹೊಸದರಲ್ಲಿ ನಾವು ಲಾಲ್‌ಬಾಗಿಗೆ ಹೋದರೆ, ನಮ್ಮಿಬ್ಬರ ನಡುವೆ ಮೂರನೆಯವರೊಬ್ಬರು ಆರಾಮಾಗಿ ನಡೆಯಬಹುದಾದಷ್ಟು ಜಾಗ ಬಿಟ್ಟು ನಡೆದವರು. ಅಂಥವರು, ಮಗಳು ಕಾಲೇಜು ಸೇರಿ ಮೈಸೂರಿನ ಹಾಸ್ಟೆಲಿಗೆ ಹೋದ ಮೇಲೆ, ಸಂಜೆಯ ವಾಕಿಂಗಿನಲ್ಲಿ ಮಬ್ಬು ಕವಿಯುತ್ತಿದ್ದಂತೆ ಮೆಲ್ಲಗೆ ನನ್ನ ಕೈ ಹಿಡಿಯತೊಡಗಿದರು. ಸಿನಿಮಾಕ್ಕೆ ಹೋದರೆ ಒಳಗೆ ಕಾಲಿಡುತ್ತಿದ್ದಂತೆ ನನ್ನ ಭುಜದ ಮೇಲೆ ಕೈಯಿಟ್ಟು, ಸೀಟು ಸಿಗುವವರೆಗೂ ತೆಗೆಯುತ್ತಿರಲಿಲ್ಲ. ಯಾರದೋ ಮದುವೆಯ ಆರತಕ್ಷತೆ ಮುಗಿಸಿ ಗಾಡಿ ನಿಲ್ಲಿಸಿದ ಕಡೆಗೆ ನಡೆಯುವಾಗ, ನೆಂಟರೆಲ್ಲ ನೋಡುತ್ತಿರುವಂತೆಯೇ ನನ್ನ ಮೊಣಕೈ ಹಿಡಿದುಕೊಂಡರು. ನನ್ನ ನಾದಿನಿ "ಏನತ್ತಿಗೆ, ಅಣ್ಣ ಈಗ ಹೊಸ ಮದುಮಗ ಆಗ್ಬಿಟ್ಟಿದಾನೆ" ಎಂದು ಚಿವುಟಿದಾಗ ನನ್ನ ಮುಖ ಕೆಂಪಾದದ್ದು ನಿಜ. ಕಚೇರಿಯಲ್ಲಿ ಪಕ್ಕದ ಸೀಟಿನ ಸರೋಜಳ ಮುಂದೆ ಇದನ್ನೆಲ್ಲ ಕೊಚ್ಚಿಕೊಂಡೂ ಇದ್ದೆ. ಅವಳು ಊಟದ ಡಬ್ಬಿ ಮುಚ್ಚುತ್ತಾ, "ನಮ್ಮನೇವ್ರಿಗೂ ಸ್ವಲ್ಪ ಟ್ರೈನಿಂಗ್ ಕೊಡಕ್ಕೆ ಹೇಳೇ" ಎಂದಿದ್ದಳು. ನಾನು ಆ ದಿನಗಳಲ್ಲಿ ಸಂಜೆಯಾಗುವುದನ್ನೇ ಕಾಯುತ್ತಿದ್ದೆ.

ಮನೆಯಲ್ಲಿ ಇವರು ಸಂಜೆ ಹೊತ್ತು ಸ್ಟೂಲು ಎಡವುವುದು, ಪಕ್ಕದಿಂದ ಚಾಚಿದ ಮಜ್ಜಿಗೆಯ ಲೋಟಕ್ಕೆ ಕೈ ತಗುಲಿಸಿ ಚೆಲ್ಲುವುದು ಹೆಚ್ಚಾಗಿತ್ತು. "ಧ್ಯಾನವೆಲ್ಲ ಅಂಗಡೀಲಿ ಬಿಟ್ಟು ಬಂದಿರ್ತೀರಿ" ಎಂದು ರೇಗಿ ನೆಲ ಒರೆಸುತ್ತಿದ್ದೆ. ಮಜ್ಜಿಗೆ ಚೆಲ್ಲಿದ ಕೈಗೂ ನನ್ನ ಕೈ ಹಿಡಿದ ಕೈಗೂ ನಂಟು ಕಟ್ಟಲು ನನಗೆ ತೋಚಿರಲೇ ಇಲ್ಲ.

ತೋಚುವ ದಿನ ಬಂತು. ಒಂದು ಸಂಜೆ, ಕೆರೆಯ ಪಕ್ಕದ ತಿರುವು ದಾಟಿ ನಮ್ಮ ಬೀದಿಗೆ ಬರುತ್ತಿದ್ದೇವೆ, ಎಡಗಡೆಯ ಮನೆಯೊಂದರಿಂದ ಹೆಂಗಸೊಬ್ಬಳು ನೀರಿನ ಕೊಡ ಸೊಂಟಕ್ಕಿಟ್ಟು ರಸ್ತೆಗಿಳಿದಳು. ನನಗೆ ಅವಳ ಸೀರೆಯ ಅಂಚೂ ಕಾಣುತ್ತಿತ್ತು. ಇವರು ವೇಗ ತಗ್ಗಿಸಲೇ ಇಲ್ಲ. ನಾನು ಕಿರಿಚಿಕೊಂಡೆ. ಇವರು ಗಕ್ಕನೆ ಬಲಕ್ಕೆ ಎಳೆದರು. ಯಾರೋ ಮನೆ ಕಟ್ಟಲು ರಸ್ತೆಯಲ್ಲೇ ಸುರಿದಿದ್ದ ಮರಳಿನ ಗುಡ್ಡೆಗೆ ಗಾಡಿ ನುಗ್ಗಿ, ನಾವಿಬ್ಬರೂ ಮೆತ್ತಗೆ ಪಕ್ಕಕ್ಕೆ ಉರುಳಿದೆವು. ಯಾರಿಗೂ ಏನೂ ಆಗಲಿಲ್ಲ, ಕೊಡದ ನೀರು ಚೆಲ್ಲಿದ್ದು ಬಿಟ್ಟರೆ. ಆ ಹೆಂಗಸು ಎದೆ ಬಡಿದುಕೊಳ್ಳುತ್ತಾ ಬಂದವಳು, ಮರಳಿನಲ್ಲಿ ಮುಖ ಹೂತುಕೊಂಡರೂ ಇನ್ನೂ ಉರಿಯುತ್ತಲೇ ಇದ್ದ ನಮ್ಮ ಹೆಡ್‌ಲೈಟನ್ನು ತೋರಿಸಿ ಕೇಳಿದಳು: "ಏನ್ ಸಾರ್, ಅಷ್ಟ್ ದೊಡ್ ಲೈಟ್ ಹಾಕ್ಕೊಂಡ್ ಬರ್ತೀರಾ, ಮನುಷ್ಯರು ಕಾಣಲ್ವಾ ನಿಮ್ಗೆ?"

ಇವರು ಮರಳು ಕೊಡವಿಕೊಳ್ಳುವುದನ್ನು ನಿಲ್ಲಿಸಿ ಅವಳ ಕಡೆ ತಿರುಗಿ, "ಇಲ್ಲಮ್ಮ, ಕಾಣ್ಲಿಲ್ಲ" ಎಂದರು. ಜಗಳಕ್ಕೆ ಸಿದ್ಧಳಾಗಿ ಬಂದಿದ್ದವಳು ಆ ದನಿ ಕೇಳಿ ಗಾಡಿ ಎತ್ತಲು ಕೈ ಕೊಟ್ಟಳು. ಮನೆಯವರೆಗೂ ಗಾಡಿಯನ್ನು ತಳ್ಳಿಕೊಂಡೇ ನಡೆದೆವು.

ಕಣ್ಣಿನ ಆಸ್ಪತ್ರೆಯಲ್ಲಿ ಇವರನ್ನು ಮಬ್ಬುಗತ್ತಲ ಕೋಣೆಯೊಂದಕ್ಕೆ ಕರೆದೊಯ್ದು, ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು ಕೂರಿಸಿ, ಕೈಗೊಂದು ಗುಂಡಿ ಕೊಟ್ಟರು. ನೋಟವನ್ನು ನಡುವೆ ನೆಟ್ಟು ಕೂತಿರಬೇಕು. ಬಟ್ಟಲಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಬೆಳಕಿನ ಚುಕ್ಕೆ ಮೂಡುತ್ತದೆ, ಕಂಡಾಗ ಗುಂಡಿ ಒತ್ತಬೇಕು. ನಾನು ಅರೆತೆರೆದ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಗುಂಡಿಯ ಟಕ್ಕೆಂಬ ಸದ್ದು ಮೊದಮೊದಲು ಕೇಳಿತು, ಆಮೇಲೆ ಬಹಳ ಹೊತ್ತು ಕೇಳಲಿಲ್ಲ. ಒಳಗಿದ್ದ ಹುಡುಗಿ ಮೆಲುದನಿಯಲ್ಲಿ, "ಅಂಕಲ್, ಲೈಟ್ ಕಂಡಾಗ ಒತ್ಬೇಕು" ಎಂದಳು. ಇವರು ಬಲು ವಿಧೇಯತೆಯಿಂದ, "ಒತ್ತೀನಮ್ಮ. ಇನ್ನೂ ಯಾವ್ದೂ ಹತ್ಲಿಲ್ವಲ್ಲ" ಎಂದರು. ಬಾಳೆಲ್ಲ ಇನ್ನೊಬ್ಬರಿಗೆ ಬಲ್ಬು ಹತ್ತಿಸಿ ತೋರಿಸಿ ಕೊಟ್ಟ ಮನುಷ್ಯ, ಹತ್ತುತ್ತಲೇ ಇದ್ದ ದೀಪಗಳ ಮುಂದೆ ಕೂತು ಅವು ಹತ್ತಲಿ ಎಂದು ಕಾಯುತ್ತಿದ್ದರು. ನಾನು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತೆ.

ವೈದ್ಯೆ ವಯಸ್ಸಿನಲ್ಲಿ ನಮಗಿಂತ ಚಿಕ್ಕವರು, ಮಾತು ಮೃದು. ಇದು ಕಣ್ಣಿನ ಒಳಪರದೆಯ ಕಾಯಿಲೆ, ನಿಧಾನವಾಗಿ ಬಂದಿದೆ, ನಿಧಾನವಾಗಿಯೇ ಮುಂದುವರಿಯುತ್ತದೆ, ಇದನ್ನು ನಿಲ್ಲಿಸುವ ಮದ್ದು ತಮ್ಮಲ್ಲಿಲ್ಲ ಎಂದು ಬಿಡಿಸಿ ಹೇಳಿದರು. ನೇರ ನೋಟ ಚೆನ್ನಾಗಿರುವುದರಿಂದಲೇ ಅಕ್ಷರ ಓದಲು ತೊಂದರೆಯಾಗಿಲ್ಲ. ಹೋಗಿರುವುದು ಪಕ್ಕದ ನೋಟ ಮತ್ತು ಮಬ್ಬಿನಲ್ಲಿ ಕಾಣುವ ಶಕ್ತಿ. ಕತ್ತಲಲ್ಲಿ ಬಿಡಿ, ಹಗಲಿನಲ್ಲೂ ಇನ್ನು ಗಾಡಿ ಓಡಿಸಕೂಡದು. ಮಗಳ ಕಣ್ಣನ್ನೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. (ಮಾಡಿಸಿದೆವು. ಅವಳ ಕಣ್ಣು ಚೆನ್ನಾಗಿದೆ, ನೀವು ಗಾಬರಿಯಾಗಬೇಡಿ.) ಇಷ್ಟು ಹೇಳಿ, ಬರೆದುಕೊಳ್ಳುತ್ತಾ ಬರೆದುಕೊಳ್ಳುತ್ತಾ ಅವರು ಕೇಳಿದರು:

"ಸಂಜೆ ಹೊತ್ತು ಹೊರಗಡೆ ಓಡಾಡುವಾಗ, ಥಿಯೇಟರ್ ಥರದ ಜಾಗದಲ್ಲಿ, ಪಕ್ಕದಲ್ಲಿರೋರ ಕೈ ಹಿಡ್ಕೊಬೇಕಾಗುತ್ತಾ?"

ಇವರು ನನ್ನ ಕಡೆ ನೋಡಲಿಲ್ಲ. "ಹೌದು ಮೇಡಂ, ಹಿಡ್ಕೋತೀನಿ" ಎಂದರು.

"ಎಷ್ಟು ದಿನದಿಂದ?"

"ಮಗಳು ಹಾಸ್ಟೆಲ್‌ಗೆ ಹೋದಾಗಿಂದ ಅಂತ ಕಾಣುತ್ತೆ. ಅದಕ್ಕೆ ಮುಂಚೆ ಅವಳ ಹೆಗಲ ಮೇಲೆ ಕೈ ಹಾಕ್ತಿದ್ದೆ."

ನಿಮಗೆ ಏನು ಹೇಳಲಿ? ಗಂಡನ ಕಣ್ಣು ಹೋಗುತ್ತಿದೆ ಎಂದು ಕೇಳಿದ ಹೊತ್ತಿನಲ್ಲಿ ಹೆಂಡತಿಯಾದವಳು ಯೋಚಿಸಬೇಕಾದದ್ದು ಅವನ ಕಣ್ಣಿನ ಬಗ್ಗೆ. ಯೋಚಿಸಿದೆ ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಸಣ್ಣ ದುಃಖವೂ ನುಸುಳಿ ಬಂದು ಕೂತಿತು: ಹಾಗಾದರೆ ಆ ಸಂಜೆಗಳಲ್ಲಿ ಹಿಡಿದದ್ದು ನನ್ನ ಕೈಯನ್ನಲ್ಲ, ಸಿಕ್ಕ ಆಸರೆಯನ್ನು. ಗೋಡೆಯಿದ್ದರೆ ಗೋಡೆಯನ್ನೇ ಹಿಡಿಯುತ್ತಿದ್ದರೇನೋ. ಆಟೋದಲ್ಲಿ ಮನೆಗೆ ಬಂದೆವು. ಕೇಳಬೇಕೆನಿಸಿದ್ದು ಅಂಥ ದಿನ ಕೇಳುವಂಥದ್ದಾಗಿರಲಿಲ್ಲ. ಆಮೇಲೆಯೂ ಕೇಳಲಾಗಲಿಲ್ಲ.

ಬೈಕಿಗೆ ಹೊದಿಕೆ ಬಿತ್ತು. ಇವರು ಬಸ್ಸಿನಲ್ಲಿ ಅಂಗಡಿಗೆ ಹೋಗತೊಡಗಿದರು. ಬಸ್ಸಿನ ಮೆಟ್ಟಿಲ ಅಂಚು ಕಾಣದೆ ಮೊಣಕಾಲು ತರಚಿಕೊಂಡು ಬಂದರು. ಒಂದು ದಿನ ಊಟಕ್ಕೆ ಕೂತಾಗ ಅನ್ನದ ತಟ್ಟೆಯನ್ನೇ ನೋಡುತ್ತಾ, "ಗಾಡಿ ಮಾರ್ಬಿಡೋಣ ಗಿರಿಜಾ, ಸುಮ್ನೆ ತುಕ್ಕು ಹಿಡಿಯುತ್ತೆ" ಎಂದರು. ತಂಗಳಾದ ಸಾರಿನ ಬಗ್ಗೆ ಹೇಳುವಂತೆ ಹೇಳಿದರು. ನನಗೆ ಎಲ್ಲಿಂದ ಬಂತೋ ಸಿಟ್ಟು. "ಯಾಕ್ ಮಾರ್ಬೇಕು? ನಾನ್ ಓಡಿಸ್ತೀನಿ" ಎಂದುಬಿಟ್ಟೆ. ಕಾಲೇಜಿನ ದಿನಗಳಲ್ಲಿ ಅಪ್ಪನ ಮೊಪೆಡ್ ಓಡಿಸಿದ್ದು ಬಿಟ್ಟರೆ ನನಗೆ ಗಾಡಿಯ ಅನುಭವ ಹಿಂದಿನ ಸೀಟಿನದು ಮಾತ್ರ. ಇವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ, ತುತ್ತನ್ನು ಕೈಯಲ್ಲಿ ಹಿಡಿದೇ ನನ್ನನ್ನು ದಿಟ್ಟಿಸಿ ನೋಡಿದರು.

ಬನಶಂಕರಿ ಆರನೇ ಹಂತದಲ್ಲಿ ಆಗ ರಸ್ತೆಗಳು ಬಂದಿದ್ದವು, ಮನೆಗಳು ಬಂದಿರಲಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಗಾಡಿಯನ್ನು ಪರಿಚಯದವರ ಕೈಲಿ ಕಳಿಸಿ, ನಾವು ಆಟೋದಲ್ಲಿ ಹೋಗಿ, ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕಲಿಯಲು ನಿಂತೆ. ಇವರು ಕಿಕ್ ಹೊಡೆದು ಗಾಡಿ ಶುರು ಮಾಡಿ ಕೊಡುವುದು, ನಾನು ಹತ್ತುವುದು, ಇವರು ನನ್ನ ಹಿಂದೆ ಕೂರುವುದು. "ಕ್ಲಚ್ ಮೆತ್ತಗೆ ಬಿಡು, ಹಾಲು ಉಕ್ಕೋವಾಗ ಒಲೆ ಸಣ್ಣ ಮಾಡ್ತೀಯಲ್ಲ ಹಾಗೆ" ಎನ್ನುತ್ತಿದ್ದರು. ನನ್ನ ಹಾಲು ಎಷ್ಟೋ ಭಾನುವಾರ ಉಕ್ಕಿತು. ಬೆಳಗಿನ ವಾಯುವಿಹಾರಕ್ಕೆ ಬಂದವರು ನಿಂತು ನೋಡಿದರು, ನಾಯಿಗಳು ಬೊಗಳಿದವು, ಫೋನಿನಲ್ಲಿ ಮಗಳು ನಕ್ಕೂ ನಕ್ಕೂ ಸುಸ್ತಾದಳು. ಇವರು ಮಾತ್ರ ಒಂದು ಸಲವೂ ರೇಗಲಿಲ್ಲ. ಹಿಂದೆ ಕೂತು ರೇಗುವ ಕೆಲಸವನ್ನು ನಾನು ಅಷ್ಟು ವರ್ಷ ಮಾಡಿದ್ದೆನಲ್ಲ, ಅದರ ಕಷ್ಟ ಇವರಿಗೆ ಗೊತ್ತಿತ್ತೆಂದು ಕಾಣುತ್ತದೆ. ಲೈಸೆನ್ಸು ಬಂದ ಮೇಲೆ ನಾನೇ ಬೆಳಿಗ್ಗೆ ಇವರನ್ನು ಅಂಗಡಿಗೆ ಬಿಟ್ಟು ಕಚೇರಿಗೆ ಹೋಗತೊಡಗಿದೆ.

ಸಂಜೆಯದೇ ತೊಡಕು. ಕತ್ತಲಲ್ಲಿ ಓಡಿಸಲು ನನಗೆ ಜೀವ ನಡುಗುತ್ತಿತ್ತು. ಆ ಮರಳಿನ ಗುಡ್ಡೆ ನನ್ನ ಕನಸಿಗೂ ಬರುತ್ತಿತ್ತು. ಆದ್ದರಿಂದ 'ಬೆಳಕಿರುವಾಗಲೇ ಮನೆ ಸೇರಬೇಕು' ಎಂಬ ಕಾನೂನು ಮಾಡಿದೆ. ಜನರಿಗೆ ಬಲ್ಬು ನೆನಪಾಗುವುದೇ ಕತ್ತಲಾದ ಮೇಲೆ; ನಾವು ಬಾಗಿಲೆಳೆಯುವ ಹೊತ್ತಿಗೆ ಗಿರಾಕಿಗಳು ಬಂದು, "ಇಷ್ಟ್ ಬೇಗ ಕ್ಲೋಸಾ ಸಾರ್?" ಎನ್ನುತ್ತಿದ್ದರು. ಇವರು, "ನಾಳೆ ಬನ್ನಿ" ಎನ್ನುತ್ತಿದ್ದರು. ನನಗೆ ಒಂದು ಮಾತನ್ನೂ ಹೇಳಲಿಲ್ಲ. ಆ ಹೇಳದಿರುವುದು ನನ್ನನ್ನು ಹೆಚ್ಚು ಚುಚ್ಚುತ್ತಿತ್ತು.

ಹೀಗಿರುವಾಗ, ಹೊಸ ಶತಮಾನದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ದಿನಗಳಲ್ಲಿ, ರಜೆಯ ಒಂದು ಮಧ್ಯಾಹ್ನ ನಿದ್ದೆ ಮಾಡಿ ಎದ್ದು ಹೊರಗೆ ಬಂದರೆ ಇವರು ಬೈಕಿನ ಹೆಡ್‌ಲೈಟನ್ನು ಬಿಚ್ಚಿ ಕೂತಿದ್ದಾರೆ. ಬಿಸಿಲಿಗೆ ಮುಖ ಮಾಡಿ, ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬ್ಯಾಟರಿಯಿಂದ ಹೊಸ ವೈರು ಎಳೆದಿದ್ದಾರೆ. ಪಕ್ಕದಲ್ಲಿ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಯಿಂದ ತಂದ ಒಂದು ಸಣ್ಣ ಡಬ್ಬಿ. ಅದರಲ್ಲಿ ಬಲ್ಬಿನಂತೆ ಕಾಣದ ಒಂದು ಬಲ್ಬು, ಗಾಜಿನ ಬುರುಡೆಯಿಲ್ಲ, ಒಳಗೆ ತಂತಿಯಿಲ್ಲ, ಜೋಳದ ತೆನೆಯ ಹಾಗೆ ಮೈತುಂಬ ಹಳದಿ ಕಾಳುಗಳು. ಎಲ್‌ಇಡಿಯಂತೆ. ಟಾರ್ಚುಗಳಲ್ಲಿ, ಹಬ್ಬದ ಸೀರಿಯಲ್ ಲೈಟುಗಳಲ್ಲಿ ನೋಡಿದ್ದೆ. ಬೈಕಿಗೂ ಬಂದದ್ದು ಗೊತ್ತಿರಲಿಲ್ಲ.

ವೈದ್ಯರು ಹೇಳಿದ್ದು, ಯಂತ್ರದ ಮುಂದೆ ಕೂತದ್ದು ಎಲ್ಲ ನೀರಿನಲ್ಲಿ ಹೋಮವಾಯಿತು, ಈ ಮನುಷ್ಯ ಇನ್ನೂ ಬಲ್ಬನ್ನೇ ನಂಬಿದ್ದಾರೆ, ನಾನಿಲ್ಲದ ಒಂದು ಸಂಜೆ ಗಾಡಿ ತೆಗೆದೇ ತೆಗೆಯುತ್ತಾರೆ ಎಂದು ಕಣ್ಣಿಗೆ ಕಟ್ಟಿತು. ಬಾಯಿಗೆ ಬಂದದ್ದು ಆಡಿದೆ. "ಇನ್ನೆಷ್ಟ್ ಬಲ್ಬ್ ಬೇಕ್ರೀ ನಿಮ್ಗೆ? ಸೂರ್ಯನ್ನೇ ತಂದು ಇಟ್ರೂ ಕಾಣಲ್ಲ ಅಂತ ಅವತ್ತೇ ಹೇಳಿದಾರಲ್ಲ ಡಾಕ್ಟ್ರು. ನನ್ನನ್ನ ಒಂಟಿ ಮಾಡ್ಬೇಕು ಅಂತ ಇದೀರಾ?"

ಇವರು ಹಲ್ಲಿನಿಂದ ಸ್ಕ್ರೂಡ್ರೈವರು ತೆಗೆದರು. ಮುಖ ನನ್ನ ಕಡೆ ಪೂರ್ತಿ ತಿರುಗಿಸಿದರು. ಈಗ ಹಾಗೆ ತಿರುಗಿದರೆ ಮಾತ್ರ ನಾನು ಇವರಿಗೆ ಪೂರ್ತಿ ಕಾಣುವುದು.

"ನನಗಲ್ವೇ ಇದು," ಎಂದರು. "ನಿನಗೆ. ನಿನ್ ಕಣ್ಣು ಚೆನ್ನಾಗಿದೆ, ಬೆಳಕು ಸಾಲ್ದೆ ಹೆದರ್ತಿದೀಯ ಅಷ್ಟೇ. ಇದು ಪಕ್ಕಕ್ಕೂ ಹರಡುತ್ತೆ ಅಂತ ಅಂಗಡಿಯವ್ನು ಹೇಳ್ದ. ಬ್ಯಾಟರಿಗೂ ಭಾರ ಇಲ್ಲ, ಹಾರ್ನೂ ಹೊಡೆಯುತ್ತೆ. ನೀನು ಕೂಗ್ಕೊಂಡು ಹೋಗೋದು ಬೇಡ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಇಷ್ಟು ವರ್ಷ ತಾನು ಕಾಣಬೇಕೆಂದು ಬಲ್ಬಿನ ಮೇಲೆ ಬಲ್ಬು ತಂದವರು, ತನಗೆ ಇನ್ನು ಯಾವ ಬೆಳಕೂ ಪ್ರಯೋಜನವಿಲ್ಲವೆಂದು ಖಚಿತವಾದ ಮೇಲೆ ಎಲ್ಲಕ್ಕಿಂತ ಒಳ್ಳೆಯ ಬಲ್ಬನ್ನು ಹುಡುಕಿ ತಂದಿದ್ದರು. ಆಸ್ಪತ್ರೆಯಿಂದ ಬಂದ ದಿನದಿಂದ ನನ್ನೊಳಗೆ ಕೂತಿದ್ದ ಆ ಸಣ್ಣ ದುಃಖಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಆಸರೆಗಾಗಿ ಹಿಡಿದ ಕೈಯಲ್ಲಿ ಪ್ರೀತಿ ಇರಬಾರದೆಂದು ನಾನು ಯಾಕೆ ಅಂದುಕೊಂಡೆನೋ ಕಾಣೆ. ನಾವು ಯಾರ ಕೈ ಹಿಡಿದರೂ ಒಂದಿಷ್ಟು ಕತ್ತಲಿಗೆ ಹೆದರಿಯೇ ಅಲ್ಲವೇ ಹಿಡಿಯುವುದು? ಅಳು ಬಂತು, ಅತ್ತುಬಿಟ್ಟೆ. ಇವರು, "ಆ ನಾಲ್ಕನೇ ಸ್ಕ್ರೂ ಎಲ್ಲಿ ಬಿತ್ತು ನೋಡು, ನನ್ ಕಣ್ಣಿಗೆ ಸಿಗ್ತಿಲ್ಲ" ಎಂದರು. ಕಣ್ಣೊರೆಸಿಕೊಂಡು ಹುಡುಕಿಕೊಟ್ಟೆ. ಇವರ ಮೊಣಕಾಲಿನ ಪಕ್ಕದಲ್ಲೇ ಬಿದ್ದಿತ್ತು.

ಆ ಸಂಜೆ ಹೊತ್ತು ಮುಳುಗಿದ ಮೇಲೆ, ಕಾನೂನು ಮುರಿದು, ಹೊರಟೆವು. ಇವರು ಕಿಕ್ ಹೊಡೆದರು, ನಾನು ಹತ್ತಿದೆ, ಇವರು ಹಿಂದೆ ಕೂತರು. ಸ್ವಿಚ್ಚು ಒತ್ತಿದೊಡನೆ ಎದುರಿನ ಕಾಂಪೌಂಡು ಗೋಡೆಯ ಮೇಲೆ ಬೆಳದಿಂಗಳಿಗಿಂತ ಬೆಳ್ಳಗಿನ ಬೆಳಕು ಚೆಲ್ಲಿತು. ನಿಧಾನಕ್ಕೆ ಬೀದಿ ದಾಟಿ ಕೆರೆಯ ಪಕ್ಕದ ರಸ್ತೆಗೆ ಬಂದೆ. ವೇಗ ತಗ್ಗಿಸಿದರೂ ಬೆಳಕು ಬಾಡಲಿಲ್ಲ. ರಸ್ತೆಯ ಎರಡೂ ಅಂಚು, ಮೋರಿಯ ಕಲ್ಲು, ಬೇಲಿಯ ಗಿಡದ ಎಲೆಗಳು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ನಿಂತು ನನಗೆ ಕಾಣಿಸಿಕೊಂಡವು. ಎದುರಿನಿಂದ ಸ್ಕೂಟರೊಂದು ಬಂತು. ಹಿಂದಿನಿಂದ "ಡಿಪ್, ಡಿಪ್" ಎಂದು ಅಪ್ಪಣೆಯಾಯಿತು, ಡಿಪ್ ಮಾಡಿದೆ.

"ರೀ, ನಿಮಗೂ ಸ್ವಲ್ಪ ಕಾಣುತ್ತಾ?" ಎಂದು ಕೇಳಿದೆ.

"ನೇರ ಬಿಳಿ ಬಿಳಿ ಕಾಣುತ್ತೆ. ಪಕ್ಕದ್ದು ಇಲ್ಲ. ನಿನಗೆ ಕಾಣುತ್ತಲ್ಲ, ಹೇಳ್ತಾ ಹೋಗು" ಎಂದರು.

ಹೇಳುತ್ತಾ ಹೋದೆ. ಬಲಕ್ಕೆ ಕೆರೆ, ನೀರು ಕಮ್ಮಿಯಾಗಿದೆ. ಎಡಕ್ಕೆ ಯಾರೋ ಟೊಮೇಟೊ ಗಾಡಿಗೆ ಟಾರ್ಪಾಲು ಹೊದಿಸ್ತಿದಾರೆ. ಅದರ ಪಕ್ಕದ ಸೈಟಲ್ಲಿ ಹೊಸ ಮನೆ ಏಳ್ತಾ ಇದೆ, ಎರಡು ಮಹಡಿ, ಆರ್‌ಸಿಸಿ ಆಗಿದೆ, ಗೋಡೆಗೆ ಇನ್ನೂ ವೈರಿಂಗ್ ಪೈಪ್ ಕೂರಿಸಿಲ್ಲ.

"ವೈರಿಂಗ್ ಆಗಿಲ್ವಾ?" ಇವರು ನನ್ನ ಭುಜ ಹಿಡಿದು ಮುಂದಕ್ಕೆ ಬಾಗಿದರು. "ಯಾವ ಜಾಗ ಅಂತ ಸರಿಯಾಗಿ ನೋಡಿಟ್ಕೋ ಗಿರಿಜಾ. ನಾಳೆ ಬೆಳಿಗ್ಗೆ ಇಬ್ರೂ ಬಂದು ಮಾತಾಡೋಣ."